ಕರೆಂಟ್ ಹೋದರೆ ಸೇವ್ ಯಾಕೆ ಹೋಗಬೇಕು? ಗೇಮ್ ಮಾಡುವವರನ್ನು ಏನು ಕೇಳಬೇಕು, ಹೇಗೆ ಕೇಳಬೇಕು

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ. ನಾನು, ತಮ್ಮ ಇಬ್ಬರೂ ಗೇಮ್ ಆಡುತ್ತೇವೆ. ನಾನು ಕಂಪ್ಯೂಟರ್‌ನಲ್ಲಿ, ಅವನು ಮೊಬೈಲ್‌ನಲ್ಲಿ. ಮಳೆಗಾಲದಲ್ಲಿ ಆಟದ ಮಧ್ಯೆಯೇ ಕರೆಂಟ್ ಹೋಗುತ್ತದೆ. ಹಾಗೆ ಹೋದಾಗ ಒಂದು ಗೇಮಿನ ಸೇವ್, ಅಂದರೆ ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಟ್ಟ ಫೈಲ್, ಪೂರ್ತಿ ಹಾಳಾಯಿತು. ಅಪ್‌ಡೇಟ್ ಬಂದರೆ ಮೂವತ್ತು, ನಲವತ್ತು ಜಿಬಿ. ತಮ್ಮನಿಗೆ ನೆಟ್ ಕಟ್ಟಾಗಿ ಮ್ಯಾಚಿನಿಂದ ಹೊರಬಿದ್ದರೆ ಅದಕ್ಕೆ ಪೆನಾಲ್ಟಿ ಬೇರೆ. ರಿವ್ಯೂನಲ್ಲಿ ಬೈದು ಬರೆದೆವು, ಯಾರೂ ಕೇಳಲಿಲ್ಲ. ನಮ್ಮಂಥ ಊರಿನವರ ಮಾತು ಗೇಮ್ ಮಾಡುವವರಿಗೆ ಮುಟ್ಟುತ್ತದಾ? ಮುಟ್ಟುವುದಾದರೆ ಏನನ್ನು ಕೇಳಬೇಕು? ಹಾಳಾದ ಸೇವ್ ವಾಪಸ್ ಸಿಗುತ್ತದಾ?

ಉತ್ತರ: ಮುಟ್ಟುತ್ತದೆ. ಆದರೆ ಎಲ್ಲ ಮಾತೂ ಒಂದೇ ದಾರಿಯಲ್ಲಿ ಮುಟ್ಟುವುದಿಲ್ಲ. ನಾನು ಗೇಮ್ ಟೆಸ್ಟಿಂಗ್ ಕೆಲಸದಲ್ಲಿರುವವನು. ಆಟಗಾರರ ದೂರು ಓದಿ, ವಿಂಗಡಿಸಿ, ಪ್ರೋಗ್ರಾಮರ್‌ಗಳ ಮುಂದೆ ಇಡುವುದು ನನ್ನ ದಿನದ ಕೆಲಸ. ಅಲ್ಲಿ ಕೂತು ನೋಡಿದರೆ ದೂರುಗಳಲ್ಲಿ ಮೂರು ಬಗೆ. ಕೆಲವು ಮನಸ್ಸು ಮಾಡಿದರೆ ಸರಿಹೋಗುತ್ತವೆ. ಕೆಲವು ಎಷ್ಟೇ ಒದ್ದಾಡಿದರೂ ಪೂರ್ತಿ ಸರಿಹೋಗುವುದಿಲ್ಲ. ಇನ್ನು ಕೆಲವನ್ನು ಸರಿ ಮಾಡಬಹುದು, ಆದರೆ ಮಾಡಿದರೆ ಕಂಪನಿಯ ಆದಾಯಕ್ಕೆ ಪೆಟ್ಟು, ಅದಕ್ಕೇ ಮಾಡುವುದಿಲ್ಲ. ಒಂದೊಂದನ್ನು ಕೇಳುವ ರೀತಿ ಬೇರೆ. ಮೂರಕ್ಕೂ ರಿವ್ಯೂನಲ್ಲಿ ಬೈಯುವುದೊಂದೇ ದಾರಿ ಅಂದುಕೊಂಡರೆ ಬೈದದ್ದಷ್ಟೇ ಬಂತು.

ನಿಮ್ಮ ಸೇವ್ ಹಾಳಾದದ್ದು ಮೊದಲನೇ ಬಗೆ. ಇದರಲ್ಲಿ ನಿಮ್ಮ ತಪ್ಪಿಲ್ಲ. ಮರ ಬಿದ್ದು ಲೈನ್ ತುಂಡಾಗುವುದು ಕೊಡಗಿನಲ್ಲಿ ಹೊಸ ವಿಷಯವಾ? ಗೇಮ್ ಅದನ್ನು ತಡೆದುಕೊಳ್ಳಬೇಕಿತ್ತು.

ಆಗುವುದು ಇಷ್ಟು. ಕೆಲವು ಗೇಮ್‌ಗಳು ಹಳೆಯ ಸೇವ್ ಫೈಲಿನ ಮೇಲೆಯೇ ಹೊಸದನ್ನು ಬರೆಯುತ್ತವೆ. ಅರ್ಧ ಬರೆದಿರುವಾಗ ಕರೆಂಟ್ ಹೋದರೆ ಹಳೆಯದು ಅಳಿಸಿಹೋಗಿದೆ, ಹೊಸದು ಮುಗಿದಿಲ್ಲ. ಎರಡೂ ಇಲ್ಲ. ಸರಿಯಾಗಿ ಮಾಡುವ ಕ್ರಮ ಬೇರೆ. ಹೊಸ ಸೇವನ್ನು ಬೇರೆ ಹೆಸರಿನ ಫೈಲಿನಲ್ಲಿ ಬರೆಯಬೇಕು. ಅದು ಡಿಸ್ಕಿಗೆ ಪೂರ್ತಿ ಇಳಿದಿದೆಯಾ ಅಂತ ನೋಡಿಕೊಳ್ಳಬೇಕು. ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರಬೇಕು. ಹಳೆಯದನ್ನು ಬಿಸಾಡದೆ ಬ್ಯಾಕಪ್ ಅಂತ ಪಕ್ಕದಲ್ಲಿಡಬೇಕು. ಹೀಗಿದ್ದರೆ ಯಾವ ಗಳಿಗೆಯಲ್ಲಿ ಕರೆಂಟ್ ಹೋದರೂ ಒಂದು ಒಳ್ಳೆಯ ಫೈಲ್ ಉಳಿದಿರುತ್ತದೆ. ಇದು ಹೊಸ ವಿದ್ಯೆ ಏನಲ್ಲ. ಒಳ್ಳೆಯ ಟೆಕ್ಸ್ಟ್ ಎಡಿಟರ್‌ಗಳು ಬಹಳ ಹಿಂದಿನಿಂದ ಮಾಡುತ್ತಿರುವ ಕೆಲಸ. ಹಾಗಾದರೆ ಗೇಮಿನವರು ಯಾಕೆ ಬಿಡುತ್ತಾರೆ? ಸ್ಟುಡಿಯೋದಲ್ಲಿ ಯುಪಿಎಸ್ ಇರುತ್ತದೆ, ಜನರೇಟರ್ ಇರುತ್ತದೆ. ಅಲ್ಲಿ ಸೇವ್ ಆಗುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುವುದಿಲ್ಲ. ಯಾರಾದರೂ ಬೇಕಂತಲೇ ಪ್ಲಗ್ ಕಿತ್ತು ನೋಡಬೇಕು. ಡೆಡ್‌ಲೈನ್ ಹತ್ತಿರ ಬಂದಾಗ ಟೆಸ್ಟ್ ಪಟ್ಟಿಯಿಂದ ಮೊದಲು ಉದುರುವುದು ಇಂಥವೇ.

ಹಾಗಾಗಿ "ನನ್ನ ಸೇವ್ ಹಾಳಾಯಿತು, ಮೋಸ" ಅಂತ ಬರೆಯಬೇಡಿ. "ಆಟೊಸೇವ್ ಗುರುತು ತಿರುಗುತ್ತಿರುವಾಗ ಕರೆಂಟ್ ಹೋದರೆ ಸೇವ್ ಫೈಲಿನ ಗಾತ್ರ ಸೊನ್ನೆ ಆಗುತ್ತದೆ, ಹಿಂದಿನ ಸೇವನ್ನೂ ಗೇಮ್ ಉಳಿಸುವುದಿಲ್ಲ" ಅಂತ ಬರೆಯಿರಿ. ಇದನ್ನು ಓದಿದ ಪ್ರೋಗ್ರಾಮರ್‌ಗೆ ಎಲ್ಲಿ ಕೈ ಹಾಕಬೇಕು ಅಂತ ತಕ್ಷಣ ಗೊತ್ತಾಗುತ್ತದೆ.

ಸೇವ್ ಪಕ್ಕದಲ್ಲೇ ಇರುವ ಇನ್ನೊಂದು ಬೇಡಿಕೆ, ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಎದ್ದು ಹೋಗುವ ಅವಕಾಶ. 2022ರಲ್ಲಿ ಬಂದ ಎಲ್ಡನ್ ರಿಂಗ್ ಎಷ್ಟು ಹೊಗಳಿಕೆ ಪಡೆಯಿತು ಗೊತ್ತಲ್ಲ. ಅದರಲ್ಲಿ ಆಟವನ್ನು ನೇರವಾಗಿ ತಡೆದು ನಿಲ್ಲಿಸುವ (pause) ಬಟನ್ ಇಲ್ಲ, ನೆಟ್ ಇಲ್ಲದೆ ಒಬ್ಬರೇ ಆಡುವಾಗಲೂ ಇಲ್ಲ. ಮೆನು ಒಳಗಿನ ಒಂದು ವಿವರಣೆ ಪುಟ ತೆರೆದರೆ ಆಟ ನಿಲ್ಲುತ್ತದೆ ಅಂತ ಆಟಗಾರರೇ ಹುಡುಕಿಕೊಂಡರು. ಅಪಾಯದ ಅನುಭವ ಕೊಡಬೇಕು, ಅದಕ್ಕೇ ಆ ಬಟನ್ ಇಟ್ಟಿಲ್ಲ ಅನ್ನುವ ವಾದ ಕೇಳಿದ್ದೇನೆ. ನನಗೆ ಅದು ಒಪ್ಪಿಗೆ ಇಲ್ಲ. ಅಂಗಳದಲ್ಲಿ ಒಣಗಲು ಹರವಿದ ಕಾಫಿ ಮೇಲೆ ಹನಿ ಬೀಳತೊಡಗಿದರೆ ಬಾಸ್ ಫೈಟ್ ಅಂತ ಕೂತಿರಲು ಆಗುತ್ತದಾ? ಸೇವ್ ಜಾಗಗಳನ್ನು ಕಮ್ಮಿ ಇಟ್ಟು ಕಷ್ಟ ಕೊಡುವುದು ಡಿಸೈನರ್ ಹಕ್ಕು, ಸರಿ. ಅದಕ್ಕೂ ಉಪಾಯವಿದೆ. ಗೇಮ್ ಮುಚ್ಚುವಾಗ ಇದ್ದಲ್ಲೇ ಒಂದು ಸೇವ್, ಮತ್ತೆ ತೆರೆದ ಕೂಡಲೇ ಅದು ಅಳಿಸಿಹೋಗುತ್ತದೆ. ಮೋಸ ಮಾಡಲೂ ಬರುವುದಿಲ್ಲ, ಎದ್ದು ಹೋದವನಿಗೆ ನಷ್ಟವೂ ಇಲ್ಲ. ಎಷ್ಟೋ ಗೇಮ್‌ಗಳು ಹೀಗೆ ಮಾಡಿವೆ. ಕಥೆಯ ವಿಡಿಯೋ ಓಡುವಾಗ ಬಟನ್ ಒತ್ತಿದರೆ ಅದು ನಿಲ್ಲುತ್ತದಾ, ಪೂರ್ತಿ ಹಾರಿಹೋಗುತ್ತದಾ ಅಂತ ಗೊತ್ತಾಗದಿರುವುದೂ ಇದೇ ಸಾಲಿನ ಕಿರಿಕಿರಿ. ಇದನ್ನೂ ಕೇಳಿ. ಸರಿ ಮಾಡುವುದು ಬಹಳ ಸುಲಭ.

ಒಬ್ಬರೇ ಆಡುವ ಗೇಮಿಗೆ ನೆಟ್ ಯಾಕೆ ಬೇಕು? ಇದು ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ನಿಮ್ಮ ಕಡೆಗೆ ಇದೇ ದೊಡ್ಡ ಪ್ರಶ್ನೆ. ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದು, ಲ್ಯಾಪ್‌ಟಾಪ್ ಚಾರ್ಜ್ ಇದ್ದು, ಗೇಮ್ ಮಾತ್ರ "ಸರ್ವರ್ ಸಿಗುತ್ತಿಲ್ಲ" ಅನ್ನುತ್ತದೆ. 2013ರ ಮಾರ್ಚ್‌ನಲ್ಲಿ ಸಿಮ್‌ಸಿಟಿ ಬಂದಾಗ ಒಬ್ಬರೇ ಊರು ಕಟ್ಟುವುದಕ್ಕೂ ನೆಟ್ ಬೇಕಿತ್ತು. ಮೊದಲ ದಿನಗಳಲ್ಲಿ ಸರ್ವರ್‌ಗಳು ತಾಳಲಿಲ್ಲ, ದುಡ್ಡು ಕೊಟ್ಟವರು ಆಡಲಾಗದೆ ಕೂತರು. ನೆಟ್ ಇಲ್ಲದೆ ಆಡುವ ಹಾಗೆ ಮಾಡಲು ಭಾರೀ ಕೆಲಸ ಬೇಕು ಅಂತ ಆಗ ಉತ್ತರ ಬಂತು. ಒಂದು ವರ್ಷ ಕಳೆದು, 2014ರ ಮಾರ್ಚ್‌ನಲ್ಲಿ ಆಫ್‌ಲೈನ್ ಮೋಡ್ ಬಂದೇ ಬಂತು. 2022ರ ಮಾರ್ಚ್‌ನಲ್ಲಿ ಗ್ರಾನ್ ಟುರಿಸ್ಮೊ 7ರ ಸರ್ವರ್ ರಿಪೇರಿ 30 ಗಂಟೆಗೂ ಜಾಸ್ತಿ ಎಳೆಯಿತು. ಒಬ್ಬರೇ ಕಾರು ಓಡಿಸುವ ಭಾಗವೂ ಬಹುಪಾಲು ಬಂದ್ ಆಗಿತ್ತು. ಜಪಾನಿನಿಂದ ಅಮೆರಿಕದವರೆಗೆ ಎಲ್ಲರೂ ಒಂದು ದಿನ ನಾಪೋಕ್ಲಿನವರಾದರು ಅನ್ನಿ.

ಈಗ ಡೌನ್‌ಲೋಡ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. "ಗೇಮ್ ದೊಡ್ಡದಾಗುವುದು ಸಹಜ, ನೀವು ಒಳ್ಳೆಯ ನೆಟ್ ಹಾಕಿಸಿಕೊಳ್ಳಿ" ಅನ್ನುವ ಉತ್ತರವನ್ನು ಸುಮ್ಮನೆ ಒಪ್ಪಿಕೊಳ್ಳಬೇಡಿ.

ಗೇಮಿನ ಚಿತ್ರ, ಸದ್ದು, ಭೂಪಟ ಎಲ್ಲವನ್ನೂ ಕೆಲವೇ ದೊಡ್ಡ ಫೈಲ್‌ಗಳಲ್ಲಿ ಒತ್ತಿ ತುಂಬಿರುತ್ತಾರೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಆ ಫೈಲ್‌ಗಳನ್ನು ಸುಮಾರು 1 ಎಂಬಿಯ ತುಂಡುಗಳಾಗಿ ನೋಡುತ್ತದೆ. ಯಾವ ತುಂಡು ಬದಲಾಗಿದೆಯೋ ಅದನ್ನು ಮಾತ್ರ ಕಳಿಸುತ್ತದೆ. ಇದು ಒಳ್ಳೆಯ ಏರ್ಪಾಡು. ಆದರೆ ಗೇಮಿನ ಪಾತ್ರಕ್ಕೆ ಹೊಸ ಬಟ್ಟೆಯೊಂದನ್ನು ಸೇರಿಸುವಾಗ ಒಳಗಿನ ಸಾಮಾನಿನ ಕ್ರಮವನ್ನೇ ಕದಲಿಸಿದರೆ ತುಂಡುಗಳೆಲ್ಲ ಬದಲಾದಂತೆ ಕಾಣುತ್ತವೆ. ಆಗ ಬದಲಾದದ್ದು 200 ಎಂಬಿ, ಇಳಿಸಬೇಕಾದದ್ದು 30 ಜಿಬಿ. ಕ್ರಮ ಕದಲದ ಹಾಗೆ ಪ್ಯಾಕ್ ಮಾಡುವುದು ಡೆವಲಪರ್ ಕೈಯಲ್ಲೇ ಇದೆ. ಸ್ಟೀಮ್ ಕೂಡ ಡೆವಲಪರ್‌ಗಳಿಗೆ ಇದನ್ನೇ ಹೇಳುತ್ತದೆ.

ಇನ್ನೊಂದು ಕಾರಣ ನಕಲು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇರೆ ಬೇರೆ ಕಡೆ ಇರುವ ಫೈಲ್ ಹುಡುಕಿ ಓದಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಒಂದೇ ಮರದ ಚಿತ್ರವನ್ನು ಪ್ರತಿ ಲೆವೆಲ್ಲಿನ ಪಕ್ಕದಲ್ಲೂ ಮತ್ತೆ ಮತ್ತೆ ಇಡುತ್ತಿದ್ದರು. ಹೆಲ್‌ಡೈವರ್ಸ್ 2 ಕಂಪ್ಯೂಟರ್‌ನಲ್ಲಿ ಸುಮಾರು 154 ಜಿಬಿ ಆದದ್ದು ಹೀಗೆ. ಆಟಗಾರರು ಬಿಡದೆ ಕೇಳಿದರು. ತಯಾರಕರು ಅಳೆದು ನೋಡಿದಾಗ, ಲೋಡ್ ಆಗುವ ಹೊತ್ತಿನಲ್ಲಿ ಹೆಚ್ಚಿನ ಪಾಲು ಡಿಸ್ಕ್ ಓದುವುದಕ್ಕಲ್ಲ, ಲೆವೆಲ್ ಕಟ್ಟುವುದಕ್ಕೆ ಹೋಗುತ್ತಿದೆ ಅಂತ ತಿಳಿಯಿತು. ನಕಲುಗಳನ್ನು ತೆಗೆದರೆ ಹಳೆಯ ಡಿಸ್ಕಿನವರಿಗೂ ಕೆಲವು ಸೆಕೆಂಡಷ್ಟೇ ವ್ಯತ್ಯಾಸ. 2025ರ ಡಿಸೆಂಬರ್‌ನಲ್ಲಿ ಅದನ್ನು ಸುಮಾರು 23 ಜಿಬಿಗೆ ಇಳಿಸಿದರು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಲೆಕ್ಕ ಹಾಕಿ ನೋಡಿ. 154 ಜಿಬಿಗೆ 77 ದಿನ, 23 ಜಿಬಿಗೆ 12 ದಿನ. ಎರಡೂವರೆ ತಿಂಗಳಿಗೂ ಹನ್ನೆರಡು ದಿನಕ್ಕೂ ಇರುವಷ್ಟು ವ್ಯತ್ಯಾಸ.

ಹಾಗಾಗಿ ಗಾತ್ರದ ಬಗ್ಗೆ ಸಂಕೋಚವಿಲ್ಲದೆ ಕೇಳಿ. ಬೇರೆ ಭಾಷೆಗಳ ಧ್ವನಿ ಬೇಡದವರಿಗೆ ಅದನ್ನು ಬಿಡುವ ಅವಕಾಶ ಕೊಡಿ. ದೊಡ್ಡ ಟಿವಿಗೆ ಬೇಕಾದ ಭಾರೀ ಚಿತ್ರಗಳನ್ನು ಬೇರೆ ಡೌನ್‌ಲೋಡ್ ಮಾಡಿ. ಕಥೆ ಮಾತ್ರ ಆಡುವವನಿಗೆ ಆನ್‌ಲೈನ್ ಭಾಗ ಇಳಿಸುವ ಕರ್ಮ ಬೇಡ. ಅಪ್‌ಡೇಟ್ ಎಷ್ಟು ದೊಡ್ಡದು ಅಂತ ಮೊದಲೇ ಹೇಳಿ. ಅರ್ಧದಲ್ಲಿ ನೆಟ್ ಹೋದರೆ ಅಲ್ಲಿಂದಲೇ ಮುಂದುವರಿಯಲಿ, ಮೊದಲಿಂದ ಶುರುವಾಗುವುದು ಬೇಡ. ಮೊಬೈಲ್ ಗೇಮ್‌ಗಳು ಈ ಕೊನೆಯದರಲ್ಲಿ ಈಗಲೂ ಎಡವುತ್ತವೆ. ಪ್ಲೇ ಸ್ಟೋರಿನಿಂದ ಚಿಕ್ಕ ಫೈಲ್ ಇಳಿಸಿಕೊಂಡು, ತೆರೆದ ಮೇಲೆ ಒಳಗಿಂದ ಇನ್ನೆರಡು ಜಿಬಿ ಎಳೆಯುತ್ತವೆ. ಆ ಒಳಗಿನ ಡೌನ್‌ಲೋಡರ್ ಎಷ್ಟೋ ಸಲ ಅವಸರದಲ್ಲಿ ಬರೆದದ್ದು.

ಇನ್ನು ಎರಡನೇ ಬಗೆ, ಅಂದರೆ ಪಿಂಗ್. ನಿಮ್ಮ ಕಡೆಯಿಂದ ಸುದ್ದಿ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು ಅದು, ಮಿಲಿಸೆಕೆಂಡಿನಲ್ಲಿ. ಇಲ್ಲಿ ಗೇಮಿನವರನ್ನು ಎಷ್ಟು ಬೈದರೂ ಒಂದು ಮಿತಿಗಿಂತ ಕೆಳಗೆ ಹೋಗುವುದಿಲ್ಲ. ಫೈಬರ್ ಒಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಮಡಿಕೇರಿಯಿಂದ ಮುಂಬೈಗೆ ನೇರ ಗೆರೆ ಎಳೆದರೆ ಸುಮಾರು 800 ಕಿ.ಮೀ., ಸಿಂಗಾಪುರಕ್ಕೆ ಸುಮಾರು 3,300 ಕಿ.ಮೀ. ಹೋಗಿ ಬರಲು ಮುಂಬೈಗೆ 8 ಮಿಲಿಸೆಕೆಂಡ್, ಸಿಂಗಾಪುರಕ್ಕೆ 33. ಇದು ಕಾಗದದ ಲೆಕ್ಕ. ಕೇಬಲ್ ನೇರ ಹೋಗುವುದಿಲ್ಲ, ದಾರಿಯಲ್ಲಿ ಎಷ್ಟೋ ರೂಟರ್‌ಗಳಿವೆ, ಹಾಗಾಗಿ ನಿಜವಾದ ಸಂಖ್ಯೆ ಜಾಸ್ತಿ. ಆದರೂ ಸರ್ವರ್ ಮುಂಬೈಯಲ್ಲಿದ್ದು ನಿಮಗೆ 200 ತೋರಿಸುತ್ತಿದ್ದರೆ ಅದು ದೂರದಿಂದ ಬಂದದ್ದಲ್ಲ. ಮನೆಯಿಂದ ಟವರಿನವರೆಗಿನ ತುಂಡಿನಲ್ಲಿ, ಇಲ್ಲವೇ ಟವರಿನಲ್ಲಿ ಗಂಟು ಬಿದ್ದಿದೆ. ಸಂಜೆ ಎಂಟಕ್ಕೆ 200 ಇದ್ದದ್ದು ಬೆಳಿಗ್ಗೆ ಐದಕ್ಕೆ 60 ಆದರೆ ಸಂಶಯವೇ ಬೇಡ.

ಹಾಗಂತ ಡೆವಲಪರ್‌ಗೆ ಮಾಡಲು ಏನೂ ಇಲ್ಲವಾ? ಇದೆ. ಯಾವ ಊರಿನ ಸರ್ವರ್ ಬೇಕು ಅಂತ ಆಟಗಾರನೇ ಆರಿಸುವ ಅವಕಾಶ ಕೊಡಬಹುದು. ಬರೀ ಪಿಂಗ್ ತೋರಿಸದೆ, ದಾರಿಯಲ್ಲಿ ಎಷ್ಟು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದುಹೋಗುತ್ತಿದೆ ಅಂತಲೂ ತೋರಿಸಬಹುದು. ಫೈಟಿಂಗ್ ಗೇಮ್‌ಗಳಲ್ಲಿ ರೋಲ್‌ಬ್ಯಾಕ್ ಅನ್ನುವ ವಿಧಾನ ಇದೆ. ಎದುರಾಳಿಯ ಬಟನ್ ಸುದ್ದಿ ತಲುಪುವವರೆಗೆ ಕಾಯದೆ ಗೇಮ್ ಊಹೆ ಮಾಡಿ ಮುಂದೆ ಹೋಗುತ್ತದೆ, ಊಹೆ ತಪ್ಪಾದರೆ ಕಣ್ಣಿಗೆ ಕಾಣದಷ್ಟು ಬೇಗ ಹಿಂದೆ ಬಂದು ತಿದ್ದಿಕೊಳ್ಳುತ್ತದೆ. ನಮ್ಮ ಕೌಟುಂಬಿಕ ಹಾಕಿಯಲ್ಲಿ ಒಳ್ಳೆಯ ಡಿಫೆಂಡರ್ ಪಾಸ್ ಎತ್ತ ಹೋಗುತ್ತದೆ ಅಂತ ಮೊದಲೇ ಎರಡು ಹೆಜ್ಜೆ ಹಾಕಿ, ತಪ್ಪಿದರೆ ಗಕ್ಕನೆ ತಿರುಗುತ್ತಾನಲ್ಲ, ಹಾಗೆ. ಜಿಜಿಪಿಒ ಅನ್ನುವ ಇಂಥ ಒಂದು ಪ್ರೋಗ್ರಾಂ 2019ರಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ತೆರೆಯಿತು. 2021ರಲ್ಲಿ ಬಂದ ಗಿಲ್ಟಿ ಗಿಯರ್ ಸ್ಟ್ರೈವ್ ಮೊದಲ ದಿನದಿಂದಲೇ ರೋಲ್‌ಬ್ಯಾಕ್ ಇಟ್ಟುಕೊಂಡಿತ್ತು. ಆಟಗಾರರು ವರ್ಷಗಟ್ಟಲೆ ಪೀಡಿಸಿದ್ದಕ್ಕೇ ದೊಡ್ಡ ಕಂಪನಿಗಳು ಈ ಕಡೆ ತಿರುಗಿದ್ದು.

ನಿಮ್ಮ ತಮ್ಮನ ಪೆನಾಲ್ಟಿ ವಿಷಯವೂ ಇಲ್ಲೇ ಬರುತ್ತದೆ. ಸೋಲುವಾಗ ಬೇಕಂತಲೇ ನೆಟ್ ಕಿತ್ತು ಓಡಿಹೋಗುವವರು ಇದ್ದಾರೆ, ಅವರಿಗಾಗಿ ಪೆನಾಲ್ಟಿ ಬೇಕು. ಆದರೆ ಓಡಿಹೋದವನು ಅದೇ ಮ್ಯಾಚಿಗೆ ವಾಪಸ್ ಬರಲು ನೋಡುವುದಿಲ್ಲ. ನೆಟ್ ಹೋದವನು ಮತ್ತೆ ಮತ್ತೆ ಬಾಗಿಲು ತಟ್ಟುತ್ತಾನೆ. ಸರ್ವರ್‌ಗೆ ಈ ವ್ಯತ್ಯಾಸ ಕಾಣುತ್ತದೆ. ವಾಪಸ್ ಬರಲು ಎರಡು ಮೂರು ನಿಮಿಷ ಕೊಡಿ, ಬಂದವನಿಗೆ ಪೆನಾಲ್ಟಿ ಹಾಕಬೇಡಿ ಅಂತ ಕೇಳುವುದು ನ್ಯಾಯ. ಪಿಂಗ್ ಕಮ್ಮಿ ಮಾಡಿ ಅನ್ನುವುದಕ್ಕಿಂತ ಈ ಮಾತು ಸಾವಿರ ಪಾಲು ಉಪಯೋಗಕ್ಕೆ ಬರುತ್ತದೆ.

ದೂರು ಬರೆಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಆಟ ಎಳೆದಾಡುವಾಗ ಸುಮ್ನೆ ಕ್ಯಾಮೆರಾವನ್ನು ಸುತ್ತ ತಿರುಗಿಸಿ. ಕ್ಯಾಮೆರಾ ನುಣ್ಣಗೆ ತಿರುಗಿ, ಬೇರೆ ಆಟಗಾರರು ಮಾತ್ರ ಜಿಗಿದಾಡುತ್ತಿದ್ದರೆ ಅದು ನೆಟ್. ಕ್ಯಾಮೆರಾವೇ ತಡವರಿಸಿದರೆ ಅದು ನಿಮ್ಮ ಫೋನ್ ಅಥವಾ ಗ್ರಾಫಿಕ್ಸ್ ಕಾರ್ಡ್. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ತಡವರಿಸಿದರೆ ಫೋನ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಂಡಿದೆ ಅಂತ ಅರ್ಥ, ಕವರ್ ತೆಗೆದು ನೋಡಿ. ಎಲ್ಲವನ್ನೂ ಲ್ಯಾಗ್ ಅಂತ ಒಂದೇ ಸಾಲಿನಲ್ಲಿ ಬರೆದರೆ ನಾವು ಮೂರು ಬೇರೆ ಬೇರೆ ಟೀಮಿನವರ ಮುಖ ನೋಡುತ್ತಾ ಕೂರುತ್ತೇವೆ.

ನಮ್ಮ ಕೈಗೆ ಬರುವ ದೂರು ಬಹುಪಾಲು ಹೀಗಿರುತ್ತದೆ: "ರೀಕನೆಕ್ಟ್ ಕೆಲಸ ಮಾಡಲ್ಲ, ದರಿದ್ರ ಗೇಮ್, ಒಂದು ಸ್ಟಾರ್." ಸಿಟ್ಟು ನಿಜ, ಆದರೆ ಇದರಿಂದ ಹಿಡಿಯಲು ಎಳೆ ಸಿಗುವುದಿಲ್ಲ. ಅದೇ ದೂರು ಹೀಗಿದ್ದರೆ ನೋಡಿ: "ಫೋನ್ ಇಂಥ ಮಾಡೆಲ್, ಆಂಡ್ರಾಯ್ಡ್ 14, ಗೇಮ್ ವರ್ಷನ್ ಇಷ್ಟು. ಮ್ಯಾಚ್ ನಡುವೆ ಮೊಬೈಲ್ ಡೇಟಾ ಆಫ್ ಮಾಡಿ 40 ಸೆಕೆಂಡ್ ಬಿಟ್ಟು ಆನ್ ಮಾಡಿದೆ. ರೀಕನೆಕ್ಟ್ ಬಟನ್ ಬಂತು. ಒತ್ತಿದರೆ ಕಪ್ಪು ಪರದೆ, ಅಲ್ಲೇ ನಿಂತಿತು. ಐದು ಸಲ ಮಾಡಿದೆ, ಐದೂ ಸಲ ಹೀಗೆಯೇ. 10 ಸೆಕೆಂಡಿನಲ್ಲಿ ಆನ್ ಮಾಡಿದರೆ ಸರಿಯಾಗಿ ಒಳಗೆ ಹೋಗುತ್ತದೆ. ವಿಡಿಯೋ ಜೊತೆಗಿದೆ." ಇದನ್ನು ಬರೆಯಲು ಕಾಲು ಗಂಟೆ ಸಾಕು. ಓದಿದವನು ತನ್ನ ಮೇಜಿನಲ್ಲೇ ಅದನ್ನು ಮಾಡಿ ನೋಡಬಹುದು. 10ಕ್ಕೂ 40ಕ್ಕೂ ನಡುವೆ ಎಲ್ಲೋ ಒಂದು ಟೈಮರ್ ತಪ್ಪಿದೆ ಅಂತ ಮೊದಲ ಓದಿಗೇ ಹೊಳೆಯುತ್ತದೆ. ನಮ್ಮ ಮೀಟಿಂಗಿನಲ್ಲಿ ಮತ್ತೆ ಮಾಡಿ ತೋರಿಸಲು ಬರುವ ಬಗ್ ಮೊದಲು, ತೋರಿಸಲು ಬಾರದ್ದು ಕೊನೆಗೆ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ವಿಡಿಯೋ ಇರಲಿ. ಯಂತ್ರಾನುವಾದ ಈಗ ಅಷ್ಟರಮಟ್ಟಿಗೆ ಕೆಲಸ ಮಾಡುತ್ತದೆ.

ಹೊರಗಿನವರ ಮಾತು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಜಿಟಿಎ ಆನ್‌ಲೈನ್ ಕಥೆ ಹೇಳಲೇಬೇಕು. ಅದು 2013ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಕಂಪ್ಯೂಟರ್‌ನಲ್ಲಿ ಲೋಡ್ ಆಗಲು ಐದಾರು ನಿಮಿಷ ಹಿಡಿಯುತ್ತಿತ್ತು. ವರ್ಷಗಟ್ಟಲೆ ಎಲ್ಲರೂ ಗೊಣಗಿದರು, ಚಾ ಮಾಡಿಕೊಂಡು ಬಂದು ಆಡಿದರು. 2021ರ ಫೆಬ್ರವರಿಯಲ್ಲಿ ಹೊರಗಿನ ಒಬ್ಬ ಹವ್ಯಾಸಿ ಪ್ರೋಗ್ರಾಮರ್ ಗೇಮನ್ನು ಬಿಚ್ಚಿ ನೋಡಿದ. ಅಂಗಡಿಯ ಸಾಮಾನಿನ ಪಟ್ಟಿ ಸುಮಾರು 10 ಎಂಬಿಯ ಒಂದು ಟೆಕ್ಸ್ಟ್ ಫೈಲಿನಲ್ಲಿತ್ತು, ಸುಮಾರು 63,000 ಐಟಂ. ಒಂದೊಂದು ಐಟಂ ಓದುವಾಗಲೂ ಪ್ರೋಗ್ರಾಂ ಉಳಿದ ಫೈಲ್ ಎಷ್ಟು ಉದ್ದ ಇದೆ ಅಂತ ಕೊನೆಯವರೆಗೆ ಮತ್ತೆ ಅಳೆಯುತ್ತಿತ್ತು. ಅದು ಸಾಲದು ಅಂತ, ಈ ಐಟಂ ಮೊದಲೇ ಬಂದಿದೆಯಾ ಅಂತ ಹಿಂದಿನ ಎಲ್ಲದರ ಜೊತೆ ಹೋಲಿಸಿ ನೋಡುತ್ತಿತ್ತು. ಅವನು ಎರಡನ್ನೂ ತಿದ್ದಿದ. ಅವನ ಕಂಪ್ಯೂಟರ್‌ನಲ್ಲಿ ಆರು ನಿಮಿಷ ಇದ್ದದ್ದು 1 ನಿಮಿಷ 50 ಸೆಕೆಂಡಿಗೆ ಇಳಿಯಿತು. ರಾಕ್‌ಸ್ಟಾರ್ ಕಂಪನಿ ಒಪ್ಪಿಕೊಂಡು ಮಾರ್ಚ್‌ನಲ್ಲಿ ಅಪ್‌ಡೇಟ್ ಬಿಟ್ಟಿತು, ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟಿತು. ನೀವು ಗೇಮ್ ಬಿಚ್ಚಬೇಕಾಗಿಲ್ಲ. ಆದರೆ "ಹೀಗೆ ಮಾಡಿದರೆ ಹೀಗೆ ಆಗುತ್ತದೆ" ಅನ್ನುವ ಆ ಕ್ರಮ ನಿಮಗೂ ಬರುತ್ತದೆ.

ಮೂರನೇ ಬಗೆಯಲ್ಲಿ ಬಗ್ ರಿಪೋರ್ಟ್ ನಡೆಯುವುದಿಲ್ಲ. ಅಲ್ಲಿ ಪ್ರೋಗ್ರಾಮರ್‌ಗೂ ನಿಮ್ಮಷ್ಟೇ ಬೇಜಾರಿದ್ದರೂ ಅವನ ಕೈಯಲ್ಲಿ ಏನೂ ಇಲ್ಲ. ಬ್ಯಾಟಲ್ ಪಾಸನ್ನೇ ನೋಡಿ, ಆಡುತ್ತಾ ಹೋದಂತೆ ಬಹುಮಾನ ಕೊಡುವ ಚೀಟಿ ಅದು. ದುಡ್ಡು ಕೊಟ್ಟು ತೆಗೆದ ಪಾಸಿಗೆ ಸೀಸನ್ ಮುಗಿಯುವ ದಿನಾಂಕ ಇರುತ್ತದೆ, ಅಷ್ಟರೊಳಗೆ ಆಡದಿದ್ದರೆ ಬಾಕಿ ಬಹುಮಾನ ಹೋಯಿತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಸೀಸನ್ನೂ ಖಾಲಿ. ದಿನಾಲೂ ಬರಲಿ, ಬಿಟ್ಟರೆ ನಷ್ಟ ಅನ್ನಿಸಲಿ ಅಂತ ಬೇಕಂತಲೇ ಹಾಗೆ ಇಟ್ಟಿರುವುದು. ಬೇರೆ ರೀತಿ ಮಾಡಿದವರೂ ಇದ್ದಾರೆ. 2021ರ ಹೇಲೋ ಇನ್ಫಿನಿಟ್‌ನಲ್ಲಿ ಕೊಂಡ ಪಾಸ್ ಅವಧಿ ಮುಗಿದು ಹೋಗುವುದಿಲ್ಲ, ಯಾವಾಗ ಬೇಕಾದರೂ ಆಡಿ ಮುಗಿಸಬಹುದು. ಹೆಲ್‌ಡೈವರ್ಸ್ 2ರಲ್ಲೂ ಹಾಗೆಯೇ. ಕೇಳುವಾಗ ಈ ಹೆಸರುಗಳನ್ನು ಹೇಳಿ. ಆಗದ ಕೆಲಸ ಅನ್ನುವ ಉತ್ತರ ಆಗ ಬರುವುದಿಲ್ಲ.

ಇಲ್ಲಿ ಕೆಲಸ ಮಾಡುವುದು ಒಟ್ಟಾಗಿ ಕೇಳುವುದು, ದುಡ್ಡು ತಡೆಹಿಡಿಯುವುದು, ಕೊನೆಗೆ ಕಾನೂನು. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಆಡುವ ಕಂಪ್ಯೂಟರ್ ಆಟಗಾರರು ಸೋನಿಯ ಖಾತೆ ತೆರೆಯಲೇಬೇಕು ಅಂತ ಆದೇಶ ಬಂತು. ಆ ಖಾತೆ ಸಿಗದ ದೇಶಗಳೇ ಎಷ್ಟೋ ಇದ್ದವು. ಲಕ್ಷಕ್ಕೂ ಜಾಸ್ತಿ ಕೆಟ್ಟ ರಿವ್ಯೂ ಬಿದ್ದವು. ಕೆಲವೇ ದಿನದಲ್ಲಿ ಸೋನಿ ಆದೇಶ ವಾಪಸ್ ತೆಗೆದುಕೊಂಡಿತು. ನೋಡಿ, ರಿವ್ಯೂ ಬರೆಯುವುದು ವ್ಯರ್ಥ ಅಲ್ಲ, ಅದರ ಜಾಗ ಬೇರೆ. 2017ರ ಕೊನೆಗೆ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರ ಲೂಟ್ ಬಾಕ್ಸ್ (ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳುವ ಪೆಟ್ಟಿಗೆ) ಗಲಾಟೆಯಲ್ಲಿ ಇಎ ಕಂಪನಿ ಬಿಡುಗಡೆಯ ಮುನ್ನಾದಿನ ಒಳಗಿನ ಖರೀದಿಯನ್ನೇ ಬಂದ್ ಮಾಡಬೇಕಾಯಿತು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಕೆಲವು ಗೇಮ್‌ಗಳ ಲೂಟ್ ಬಾಕ್ಸ್ ಜೂಜೇ ಅಂತ ಹೇಳಿತು.

ಕೊಂಡ ಗೇಮೇ ಒಂದು ದಿನ ಮಾಯವಾದರೆ? ದಿ ಕ್ರೂ ಅನ್ನುವ ಕಾರ್ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಯುಬಿಸಾಫ್ಟ್ ಅದರ ಸರ್ವರ್ ಮುಚ್ಚಿತು. ಒಬ್ಬರೇ ಆಡಿದರೂ ಸರ್ವರ್ ಬೇಕಿದ್ದರಿಂದ ಡಿಸ್ಕ್ ಕೈಯಲ್ಲಿದ್ದವರಿಗೂ ಗೇಮ್ ಇಲ್ಲವಾಯಿತು. ಅದರಿಂದ ಹುಟ್ಟಿದ ಚಳವಳಿಯೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್. ಯುರೋಪಿನಲ್ಲಿ ಅವರ ಅರ್ಜಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಸರ್ವರ್ ಶಾಶ್ವತವಾಗಿ ಓಡಿಸಿ ಅಂತ ಅವರು ಕೇಳುತ್ತಿಲ್ಲ. ಮುಚ್ಚುವ ಮೊದಲು ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅನ್ನುತ್ತಾರೆ. ನನ್ನ ಪ್ರಕಾರ ಎಲ್ಲ ಬೇಡಿಕೆಗಳಲ್ಲಿ ಇದಕ್ಕೆ ಮೊದಲ ಜಾಗ. ನಿಮ್ಮ ಮಟ್ಟಿಗೆ ಸದ್ಯ ಕೈಯಲ್ಲಿರುವ ಅಸ್ತ್ರ ರೀಫಂಡ್. ಸ್ಟೀಮಿನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ದರೆ ದುಡ್ಡು ವಾಪಸ್. ಕಾರಣ ಬರೆಯುವ ಜಾಗ ಖಾಲಿ ಬಿಡಬೇಡಿ.

ಎರಡು ಸಣ್ಣ ವಿಷಯ. ಶೀಟಿನ ಮೇಲೆ ಜೋರು ಮಳೆ ಬೀಳುವಾಗ ಗೇಮಿನ ಮಾತು ಕೇಳುವುದಿಲ್ಲ ಅಲ್ವಾ? ಆಗ ಸಬ್‌ಟೈಟಲ್ ಬೇಕು. ಅದರ ಅಕ್ಷರ ಇರುವೆ ಸಾಲಿನಷ್ಟಿದ್ದರೆ ಪ್ರಯೋಜನವಿಲ್ಲ. ಕಿವಿ ಮಂದ ಇರುವವರು, ಬಣ್ಣ ಗುರುತಿಸಲಾಗದವರು ಕೇಳಿ ಕೇಳಿ ಈ ಆಯ್ಕೆಗಳನ್ನು ತರಿಸಿದ್ದಾರೆ. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಇಂಥ 60ಕ್ಕೂ ಜಾಸ್ತಿ ಸೆಟ್ಟಿಂಗ್ ಇವೆ. ಅವು ನಿಮಗೂ ಬರುತ್ತವೆ, ಕೇಳುವವರ ಜೊತೆ ದನಿ ಸೇರಿಸಿ. ಇನ್ನೊಂದು ಕನ್ನಡ ಅಕ್ಷರ. ಚಾಟಿನಲ್ಲಿ ನಾಪೋಕ್ಲು ಅಂತ ಬರೆದರೆ ಕೆಲವು ಗೇಮ್‌ಗಳಲ್ಲಿ ನಾಪೋಕ್‌ಲು ಅಂತ ಬರುತ್ತದೆ, ಇಲ್ಲವೇ ಬರೀ ಚೌಕಗಳು. ಚೌಕ ಬಂದರೆ ಫಾಂಟ್ ಇಲ್ಲ. ಒತ್ತಕ್ಷರ ಒಡೆದರೆ ಫಾಂಟ್ ಇದೆ, ಅಕ್ಷರ ಜೋಡಿಸುವ ಭಾಗ ಇಲ್ಲ. ಯೂನಿಟಿ ಅನ್ನುವ ಗೇಮ್ ಕಟ್ಟುವ ಎಂಜಿನ್ನಿನಲ್ಲಿ ಅಕ್ಷರ ತೋರಿಸಲು ಬಹಳ ಜನ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಹೀಗೆ ಎಡವುತ್ತದೆ. 2023ರಲ್ಲಿ ಬಂದ ಇನ್ನೊಂದು ಎಂಜಿನ್ ಗೊಡೊ 4ರಲ್ಲಿ ಜೋಡಣೆ ಎಂಜಿನ್ನಿನಲ್ಲೇ ಇದೆ. ಸ್ಕ್ರೀನ್‌ಶಾಟ್ ತೆಗೆದು, ಹೇಗೆ ಕಾಣಬೇಕಿತ್ತು ಅಂತ ಪಕ್ಕದಲ್ಲಿ ಹಾಕಿ ಕಳಿಸಿ. ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ ತಪ್ಪು ಯಾವುದು ಅಂತಲೇ ಗೊತ್ತಿರುವುದಿಲ್ಲ.

ಕೇಳಬಾರದ್ದು ಒಂದಿದೆ. ಮ್ಯಾಪ್ ಇನ್ನೂ ದೊಡ್ಡದು ಮಾಡಿ, ಗ್ರಾಫಿಕ್ಸ್ ಇನ್ನೂ ನಿಜದಂತೆ ಮಾಡಿ ಅಂತ ದಯವಿಟ್ಟು ಕೇಳಬೇಡಿ. ಅದನ್ನು ಅವರು ಕೇಳದೆಯೂ ಮಾಡುತ್ತಾರೆ, ಅದರ ಬಿಲ್ ನಿಮ್ಮ ಡೇಟಾ ಪ್ಯಾಕಿಗೆ ಬರುತ್ತದೆ.

ಈಗ ನಿಮ್ಮ ಹಾಳಾದ ಸೇವ್. ಮೊದಲು ಕಂಪ್ಯೂಟರಿನ ನೆಟ್ ಕಟ್ ಮಾಡಿ, ಗೇಮ್ ತೆರೆಯಬೇಡಿ. ತೆರೆದರೆ ಹಾಳಾದ ಫೈಲೇ ಕ್ಲೌಡಿಗೂ, ಅಂದರೆ ನೆಟ್ಟಿನಲ್ಲಿ ಸೇವಿನ ಪ್ರತಿ ಇಡುವ ಜಾಗಕ್ಕೂ, ಹತ್ತಿಬಿಡಬಹುದು. ಸೇವ್ ಫೋಲ್ಡರ್ ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್ ಅಥವಾ ಆಪ್‌ಡೇಟಾ ಒಳಗೆ ಇರುತ್ತದೆ. ಯಾವ ಗೇಮಿಗೆ ಎಲ್ಲಿ ಅಂತ ಪಿಸಿ ಗೇಮಿಂಗ್ ವಿಕಿಯಲ್ಲಿ ಫೋನಿನಿಂದ ನೋಡಿಕೊಳ್ಳಿ. ಇಡೀ ಫೋಲ್ಡರ್ ಕಾಪಿ ಮಾಡಿ ಬೇರೆ ಕಡೆ ಇಡಿ. ಒಳಗೆ ಬ್ಯಾಕ್ (.bak) ಅಂತ ಕೊನೆಯಾಗುವ ಫೈಲ್ ಇದ್ದರೆ ಅದು ಹಿಂದಿನ ಸೇವ್, ಹೆಸರು ಬದಲಿಸಿ ಹಾಳಾದದ್ದರ ಜಾಗಕ್ಕೆ ಹಾಕಿ ನೋಡಿ. ಫೋನಿನಲ್ಲಿ ನೆಟ್ ಇದ್ದರೆ ಬ್ರೌಸರ್‌ನಲ್ಲಿ ಸ್ಟೀಮ್ ಖಾತೆಯ ಕ್ಲೌಡ್ ಪುಟ ತೆರೆಯಿರಿ, ಅಲ್ಲಿರುವ ಸೇವ್ ಫೈಲ್‌ಗಳನ್ನು ದಿನಾಂಕ ನೋಡಿ ಇಳಿಸಿಕೊಳ್ಳಬಹುದು. ಆಮೇಲೆ ಗೇಮ್ ತೆರೆದಾಗ ಕಂಪ್ಯೂಟರ್‌ನದು ಬೇಕಾ, ಕ್ಲೌಡಿನದು ಬೇಕಾ ಅಂತ ಕೇಳಿದರೆ ಅವಸರ ಮಾಡಬೇಡಿ. ಎರಡರ ಸಮಯವನ್ನೂ ಓದಿ ಆರಿಸಿ. ಫೈಲಿನ ಗಾತ್ರ ಸೊನ್ನೆ ಇದ್ದು, ಬ್ಯಾಕಪ್ಪೂ ಇಲ್ಲ, ಕ್ಲೌಡೂ ಇಲ್ಲ ಅಂದರೆ ಅದು ಬರುವುದಿಲ್ಲ, ಹೊಸದಾಗಿ ಶುರು ಮಾಡಿ. ಶುರು ಮಾಡುವ ಮೊದಲು ಮನೆಯ ಇನ್ವರ್ಟರ್ ಹಿಂದೆ ನೋಡಿ. ಎಷ್ಟೋ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ನಾರ್ಮಲ್‌ನಲ್ಲಿದ್ದರೆ ಕರೆಂಟ್ ಬದಲಾಗುವ ಗಳಿಗೆಯಲ್ಲಿ ಫ್ಯಾನ್, ಲೈಟಿಗೆ ಏನೂ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಆಫ್ ಆಗಿಬಿಡುತ್ತದೆ.